ವಂಶವಾಹಿಯ ಸಂಗೀತ ಯಾರದು?

ಪ್ರಶ್ನೆ: ಡಿಎನ್‌ಎ ಅನುಕ್ರಮದಿಂದ ಸಂಗೀತ ಸಂಯೋಜಿಸುತ್ತಾರೆಂದು ಓದಿದ್ದೇನೆ. ಆ ಸಂಗೀತ ವಂಶವಾಹಿಯಲ್ಲೇ ಇರುತ್ತದೆಯೇ ಅಥವಾ ಸಂಯೋಜಕರು ತಮಗೆ ಬೇಕಾದಂತೆ ಕಟ್ಟಿಕೊಳ್ಳುತ್ತಾರೆಯೇ?

ಉತ್ತರ: ವಂಶವಾಹಿಯಲ್ಲಿ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕು ಪ್ರತ್ಯಾಮ್ಲಗಳ ಸರದಿ ಮಾತ್ರ. ಯಾವುದಕ್ಕೆ ಯಾವ ಸ್ವರ, ಎಷ್ಟು ಅವಧಿ, ಯಾವ ವಾದ್ಯ ಎಂಬುದನ್ನೆಲ್ಲ ಸಂಯೋಜಕರೇ ನಿರ್ಧರಿಸುತ್ತಾರೆ. ಯಾವ ಭಾಗವನ್ನು ನುಡಿಸಬೇಕೆಂಬ ಆಯ್ಕೆಯೂ ಅವರದೇ. ಮನುಷ್ಯನ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಸುಮಾರು 300 ಕೋಟಿ ಅಕ್ಷರಗಳನ್ನು ಸೆಕೆಂಡಿಗೊಂದರಂತೆ ನುಡಿಸಿದರೆ 95 ವರ್ಷ ಬೇಕಾಗುತ್ತದೆ.

ನಾಲ್ಕು ಅಕ್ಷರಗಳಿಗೆ ನಾಲ್ಕು ಸ್ವರ ಕೊಡುವುದು ಸುಲಭ, ಆದರೆ ಕೇಳಲು ಬೇಗ ಬೇಸರವಾಗುತ್ತದೆ. ಜೀವಕೋಶವು ಪ್ರೋಟೀನ್ ಕಟ್ಟುವಾಗ ಅಕ್ಷರಗಳನ್ನು ಮೂರು ಮೂರಾಗಿ ಓದುವುದರಿಂದ, ಆ ಮೂರಕ್ಷರದ ಗುಂಪು (ಕೋಡಾನ್) ಸೂಚಿಸುವ, ಪ್ರೋಟೀನಿನ ಘಟಕಗಳಾದ 20 ಅಮೈನೋ ಆಮ್ಲಗಳಿಗೆ ಸ್ವರ ನೀಡುವುದು ಹೆಚ್ಚು ಅರ್ಥಪೂರ್ಣ. 2007ರಲ್ಲಿ ಸಂಶೋಧಕರಾದ ರೀ ತಕಾಹಾಶಿ ಮತ್ತು ಜೆಫ್ರಿ ಮಿಲ್ಲರ್ ಗುಣದಲ್ಲಿ ಹತ್ತಿರವಿರುವ ಆಮ್ಲಗಳನ್ನು ಜೋಡಿಸಿ 13 ಮೂಲ ಸ್ವರಗಳಿಗೆ ಇಳಿಸಿದರು. ಒಂದು ಕೋಡಾನ್ ಆ ಜೀವಿಯಲ್ಲಿ ಎಷ್ಟು ಬಳಕೆಯಲ್ಲಿದೆ ಎಂಬುದರ ಮೇಲೆ ಸ್ವರದ ಅವಧಿಯನ್ನು ಗೊತ್ತುಮಾಡಿದರು. ಲಯವೂ ಜೀವಿಯಿಂದಲೇ ಬಂದ ಕಾರಣ ಈ ವಿಧಾನ ನನಗೆ ಬಹಳ ಮೆಚ್ಚುಗೆಯಾಗಿದೆ.

ಹಾಗೆಂದು ವಂಶವಾಹಿಯ ಪಾಲು ಕಡಿಮೆಯೇನಲ್ಲ. ‘ಎಟಿಜಿ ಜಿಸಿಎ ಸಿಎಜಿ’ ಎಂಬ ಸಾಲಿನಲ್ಲಿ ನಾಲ್ಕನೆಯ ಅಕ್ಷರವಾದ ಜಿ ಬಿದ್ದುಹೋದರೆ ಅದು ‘ಎಟಿಜಿ ಸಿಎಸಿ ಎಜಿ…’ ಎಂದಾಗುತ್ತದೆ; ಮೊದಲ ಸ್ವರ ಉಳಿದು, ಅಲ್ಲಿಂದಾಚೆಗೆ ರಾಗವೇ ಬೇರೆಯಾಗುತ್ತದೆ. ಮಿದುಳನ್ನು ಬಾಧಿಸುವ ಆನುವಂಶಿಕ ಹಂಟಿಂಗ್‌ಟನ್ ಕಾಯಿಲೆ ತರುವ ವಂಶವಾಹಿಯಲ್ಲಿ ‘ಸಿಎಜಿ’ 40 ಅಥವಾ ಅದಕ್ಕೂ ಹೆಚ್ಚು ಬಾರಿ ಒಂದರ ಹಿಂದೊಂದು ಬರಬಲ್ಲದು. ಸ್ವರವನ್ನು ಹೇಗೆ ಹಂಚಿದರೂ ಆ ಪುನರಾವರ್ತನೆ ಕಿವಿಗೆ ಬಿದ್ದೇ ಬೀಳುತ್ತದೆ. ವಂಶವಾಹಿಗಳು ನಕಲುಗೊಂಡು, ನಕಲುಗಳು ಬದಲಾಗಿ ಹೊಸತು ಹುಟ್ಟುತ್ತದೆಂದು ವಾದಿಸಿದ ತಳಿವಿಜ್ಞಾನಿ ಸುಸುಮು ಓನೊ, 1986ರಲ್ಲಿ ಪತ್ನಿ ಮಿಡೊರಿಯವರೊಡನೆ ಬರೆದ ಲೇಖನದಲ್ಲಿ ಸಂಗೀತವನ್ನೂ ವಂಶವಾಹಿಯನ್ನೂ ಒಟ್ಟಿಗೆ ತಂದದ್ದು ಈ ಪುನರಾವರ್ತನೆಯ ಎಳೆ ಹಿಡಿದೇ.

ನೀವು ಕೇಳುವ ಕೃತಿಯಲ್ಲಿ ಯಾರ ಪಾಲೆಷ್ಟು ಎಂದು ತಿಳಿಯಲು ಒಂದು ದಾರಿಯಿದೆ. ಅದೇ ಅಕ್ಷರಗಳನ್ನು ಕಲಸಿ, ಕ್ರಮ ಕೆಡಿಸಿ, ಅದೇ ನಿಯಮದಂತೆ ಮತ್ತೆ ನುಡಿಸಬೇಕು. ಎರಡೂ ಒಂದೇ ಬಗೆಯಲ್ಲಿ ಇಂಪಾಗಿದ್ದರೆ ಆ ಇಂಪು ಸಂಯೋಜಕರದು. ಮೊದಲನೆಯದರಲ್ಲಿ ಮಾತ್ರ ಕೇಳಿಬರುವ ವಿನ್ಯಾಸವನ್ನು ವಂಶವಾಹಿಯ ಲೆಕ್ಕಕ್ಕೆ ಬರೆಯಬಹುದು.