ಐಇಎಲ್‌ಟಿಎಸ್ ರೈಟಿಂಗ್: ಉದ್ದ ವಾಕ್ಯಗಳಲ್ಲೇ ತಪ್ಪಾಗುತ್ತಿದ್ದರೆ

ವ್ಯಾಕರಣದ ನಿಯಮಗಳೆಲ್ಲ ಗೊತ್ತಿದ್ದರೂ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ರೈಟಿಂಗ್ (ಬರವಣಿಗೆ) ಭಾಗದಲ್ಲಿ ಅಂಕ 6 ದಾಟುತ್ತಿಲ್ಲ, ಉದ್ದ ವಾಕ್ಯ ಬರೆದಾಗಲೆಲ್ಲ ತಪ್ಪಾಗುತ್ತದೆ ಎಂದಿದ್ದೀರಿ. ಇನ್ನಷ್ಟು ವರ್ಕ್‌ಶೀಟ್ ಮಾಡಿದರೆ ಇದು ಸರಿಹೋಗುವುದಿಲ್ಲ. ಬಿಟ್ಟ ಸ್ಥಳ ತುಂಬುವಾಗ ವಾಕ್ಯವನ್ನು ಬೇರೆಯವರು ಕಟ್ಟಿಕೊಟ್ಟಿರುತ್ತಾರೆ. ಪರೀಕ್ಷೆಯಲ್ಲಿ ನೀವೇ ಕಟ್ಟಬೇಕು.

ಟಾಸ್ಕ್ 2ಕ್ಕೆ, ಅಂದರೆ ರೈಟಿಂಗ್‌ನ ಪ್ರಬಂಧದ ಪ್ರಶ್ನೆಗೆ, ಬರೆದ ಹಳೆಯ ಪ್ರಬಂಧವೊಂದನ್ನು ತೆಗೆದುಕೊಂಡು ಒಂದೊಂದು ವಾಕ್ಯವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಕರ್ತೃಪದ, ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ‘ದ ನಂಬರ್ ಆಫ್ ಕಾರ್ಸ್ ಹ್ಯಾವ್ ಇನ್‌ಕ್ರೀಸ್ಡ್’ ಎಂದಿದ್ದರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ: ಇಲ್ಲಿ ಕರ್ತೃ ‘ನಂಬರ್’, ‘ಕಾರ್ಸ್’ ಅಲ್ಲ. ಹಾಗಾಗಿ ‘ಹ್ಯಾಸ್’ ಬರಬೇಕು. ‘ಆಲ್ದೋ’ ಎಂದು ಶುರುಮಾಡಿ ನಡುವೆ ‘ಬಟ್’ ಹಾಕಿದ್ದರೆ ಎರಡರಲ್ಲಿ ಒಂದನ್ನು ಹೊಡೆದುಹಾಕಿ. ಎರಡು ಪೂರ್ಣ ವಾಕ್ಯಗಳನ್ನು ಬರೀ ಕಾಮಾದಿಂದ ಜೋಡಿಸಿದ್ದರೆ ಅಲ್ಲಿ ಫುಲ್‌ಸ್ಟಾಪ್ ಇಡಿ.

ಆಮೇಲೆ, ತಿದ್ದಿದ ವಾಕ್ಯವನ್ನು ಮುಚ್ಚಿಟ್ಟು ನೆನಪಿನಿಂದ ಬರೆಯಿರಿ. ಅದೇ ರಚನೆಯಲ್ಲಿ ಬೇರೆ ವಿಷಯದ ಮೇಲೆ ಇನ್ನೆರಡು. ನಿಜವಾದ ಅಭ್ಯಾಸ ಇದೇ, ದಯವಿಟ್ಟು ಬಿಡಬೇಡಿ.

ವಾಕ್ಯಗಳನ್ನು ಸುಮ್ಮನೆ ಹಿಗ್ಗಿಸಲೂಬೇಡಿ. ರೈಟಿಂಗ್ ಅಂಕದಲ್ಲಿ ವ್ಯಾಕರಣದ ಪಾಲು ಶೇ 25. ಅಲ್ಲಿ ವೈವಿಧ್ಯದ ಜೊತೆ ನಿಖರತೆಯನ್ನೂ ನೋಡುತ್ತಾರೆ. ಟಾಸ್ಕ್ 2ರ 40 ನಿಮಿಷಗಳಲ್ಲಿ ಕೊನೆಯ 4 ನಿಮಿಷ ಕ್ರಿಯಾಪದಗಳನ್ನು ಪರೀಕ್ಷಿಸುವುದಕ್ಕೇ ಮೀಸಲಿಡಿ.