ಕಾರಿನ ಬ್ಲಾಕ್ ಬಾಕ್ಸ್: ಕೇಳಿದ್ದಕ್ಕೆಲ್ಲ ಉತ್ತರ

ಹೋದ ಸಂಚಿಕೇಲಿ ಏರ್‌ಬ್ಯಾಗ್ ಬಗ್ಗೆ ಬರೆಯುವಾಗ, ಅಪಘಾತದ ಹೊತ್ತಿನ ವಿವರ ಕಾರಲ್ಲೇ ಬರೆದಿಡೋ ಈವೆಂಟ್ ಡೇಟಾ ರೆಕಾರ್ಡರ್, ಅಂದ್ರೆ ಇಡಿಆರ್ ಅನ್ನೋದನ್ನ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದಿರೋ ಪ್ರಶ್ನೆಗಳೆಲ್ಲ ಆ ಒಂದು ಸಾಲಿನ ಮೇಲೇನೇ! ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಸರ್, ನಾನು ಸ್ಟುಟ್‌ಗಾರ್ಟಲ್ಲಿ ಕೆಲಸದಲ್ಲಿದೀನಿ, ಹೊಸ ಕಾರ್ ತಗೊಂಡೆ. ಮ್ಯಾನುಯಲ್‌ನಲ್ಲಿ ಇಡಿಆರ್ ಇದೆ ಅಂತ ಬರೆದಿದೆ. ನಾವು ಒಳಗೆ ಕೂತು ಮಾತಾಡೋದು, ಎಲ್ಲೆಲ್ಲಿ ಹೋಗ್ತೀವಿ ಅನ್ನೋದು ಎಲ್ಲಾ ರೆಕಾರ್ಡ್ ಆಗುತ್ತಾ? ಆಫ್ ಮಾಡಬಹುದಾ? (ಓದುಗರು, ಜರ್ಮನಿ)

ಉತ್ತರ: ಮಾತು ಇಲ್ಲ, ವಿಡಿಯೋ ಇಲ್ಲ, ಹೋದ ಜಾಗಾನೂ ಇಲ್ಲ. ವಿಮಾನದ್ದಕ್ಕೆ ಹೋಲಿಸಿ ಬ್ಲಾಕ್ ಬಾಕ್ಸ್ ಅಂತ ಕರೆದು ಕರೆದೇ ಈ ಭಯ ಹುಟ್ಟಿರೋದು. ಬಹಳಷ್ಟು ಕಾರಲ್ಲಿ ಇದು ಬೇರೆ ಪೆಟ್ಟಿಗೇನೂ ಅಲ್ಲ, ಏರ್‌ಬ್ಯಾಗ್ ಬಿಚ್ಚಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಕಂಟ್ರೋಲ್ ಯೂನಿಟ್ ಒಳಗಿನ ಒಂಚೂರು ಮೆಮೊರಿ, ಸಾಮಾನ್ಯವಾಗಿ ಗೇರ್ ಪಕ್ಕದ ಕನ್ಸೋಲ್ ಕೆಳಗೆ ಇರುತ್ತೆ. ಅಂಗಡಿ ಸ್ಲೇಟಿನ ಹಾಗೆ ಬರೀತಾ ಇರುತ್ತೆ ಅಳಿಸ್ತಾ ಇರುತ್ತೆ, ಕೈಲಿ ಇರೋದು ಯಾವಾಗ್ಲೂ ಕೊನೇ 5 ಸೆಕೆಂಡ್ ಮಾತ್ರ. ಏರ್‌ಬ್ಯಾಗ್ ಬಿಚ್ಚಿದ್ರೆ, ಇಲ್ಲಾ ಗುದ್ದಿದ ರಭಸಕ್ಕೆ 150 ಮಿಲಿಸೆಕೆಂಡ್ ಒಳಗೆ ಗಾಡಿ ವೇಗ ಗಂಟೆಗೆ 8 ಕಿಲೋಮೀಟರ್‌ಗಿಂತ ಜಾಸ್ತಿ ಬದಲಾದ್ರೆ ಆಗ ಅಳಿಸೋದು ನಿಲ್ಲುತ್ತೆ, ಆ 5 ಸೆಕೆಂಡ್ ಜೊತೆಗೆ ಗುದ್ದಿದ ಕ್ಷಣದ್ದೂ ಉಳ್ಕೊಳ್ಳುತ್ತೆ. ಅದರಲ್ಲಿ ಏನಿರುತ್ತೆ ಅಂದ್ರೆ ಸ್ಪೀಡು, ಆಕ್ಸಿಲರೇಟರ್ ಎಷ್ಟು ತುಳಿದಿದ್ರಿ, ಬ್ರೇಕ್ ಒತ್ತಿದ್ರಾ, ಸೀಟ್ ಬೆಲ್ಟ್ ಹಾಕಿದ್ರಾ, ಗುದ್ದಿದ ಮೇಲೆ ಎಷ್ಟು ಹೊತ್ತಿಗೆ ಏರ್‌ಬ್ಯಾಗ್ ಬಂತು, ಇಂಥವು.

ಆಫ್ ಮಾಡೋಕೆ ಆಗಲ್ಲ. ಯುರೋಪಿಯನ್ ಯೂನಿಯನ್‌ನಲ್ಲಿ 2022ರ ಜುಲೈಯಿಂದ ಹೊಸ ಮಾಡೆಲ್‌ಗಳಿಗೆ, 2024ರ ಜುಲೈಯಿಂದ ಶೋರೂಮಿಂದ ಹೊರಬರೋ ಪ್ರತಿ ಹೊಸ ಕಾರಿಗೂ ಕಡ್ಡಾಯ, ಯಾರೂ ಆಫ್ ಮಾಡಬಾರದು ಅಂತ ಕಾನೂನಲ್ಲೇ ಇದೆ. ಅದೇ ಕಾನೂನು ಇದು ಯಾರ ಗಾಡಿ ಅಂತ ಡೇಟಾದಿಂದ ಗೊತ್ತಾಗಬಾರದು ಅಂತಾನೂ ಹೇಳುತ್ತೆ, ಅದಕ್ಕೇ ಚಾಸಿಸ್ ನಂಬರಿನ ಕೊನೇ ನಾಲ್ಕು ಅಂಕಿ ಸೇವ್ ಆಗೋ ಹಾಗಿಲ್ಲ. ಓಡಾಟದ ಗುಟ್ಟಿನ ಚಿಂತೆ ನಿಜವಾಗ್ಲೂ ಇದ್ರೆ ಇಡಿಆರ್ ಬಿಡಿ, ಕಾರಿನ ಜೊತೆ ಬಂದ ಮೊಬೈಲ್ ಆ್ಯಪ್‌ಗೆ ಏನೇನು ಪರ್ಮಿಷನ್ ಕೊಟ್ಟಿದೀರಿ ಅಂತ ಒಂದ್ಸಲ ತೆಗೆದು ನೋಡಿ.

ಪ್ರಶ್ನೆ: ಇಂಥ ನಿಯಮ ಮಾಡೋರು ಯಾರು? ಕಾರ್ ಎಲ್ಲಾ ದೇಶಕ್ಕೂ ಹೋಗುತ್ತಲ್ಲ, ಎಲ್ಲರಿಗೂ ಒಂದೇ ರೂಲ್ ಮಾಡಿಬಿಟ್ರೆ ಮುಗೀತಲ್ವಾ? (ಕಾನೂನು ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಮುಗಿಯಲ್ಲಮ್ಮ, ಅಲ್ಲೇ ಇರೋದು ಕಥೆ. ನಿಮ್ಮ ಕಾರಿನ ಗಾಜಿನ ಮೂಲೇಲಿ ಸುತ್ತು ಹಾಕಿದ ಇ ಅಕ್ಷರ, ಪಕ್ಕದಲ್ಲೊಂದು ನಂಬರ್ ಇದೆಯಾ ನೋಡಿ. ಅದು ವಿಶ್ವಸಂಸ್ಥೆಯ 1958ರ ಒಪ್ಪಂದದ ಗುರುತು. ಸೇರಿದ ದೇಶಗಳಲ್ಲಿ ಯಾವುದಾದ್ರೂ ಒಂದು ದೇಶ ಟೆಸ್ಟ್ ಮಾಡಿ ಪಾಸ್ ಅಂದ್ರೆ, ಆ ನಿಯಮ ಒಪ್ಪಿಕೊಂಡಿರೋ ಬೇರೆ ದೇಶಗಳೂ ಅದನ್ನ ಒಪ್ಪಬೇಕು. ಈ ನಿಯಮಗಳು ಬರೆಯೋದು ಜಿನೀವಾದಲ್ಲಿ, ಡಬ್ಲ್ಯೂಪಿ 29 ಅನ್ನೋ ವೇದಿಕೇಲಿ, ವರ್ಷಕ್ಕೆ ಮೂರು ಸಲ ಸೇರ್ತಾರೆ.

ಆದ್ರೆ ಅಮೆರಿಕ ಆ ಒಪ್ಪಂದದಲ್ಲೇ ಇಲ್ಲ. ಅಲ್ಲಿ ಸರ್ಕಾರ ಮೊದಲೇ ಟೆಸ್ಟ್ ಮಾಡಿ ಅಪ್ರೂವಲ್ ಕೊಡಲ್ಲ, ನಿಯಮ ಪಾಲಿಸಿದೀವಿ ಅಂತ ಕಂಪನಿಯವರೇ ಹೇಳ್ಕೊಂಡು ಮಾರಬೇಕು, ಸುಳ್ಳಾದ್ರೆ ಆಮೇಲೆ ರೀಕಾಲ್ ದಂಡ ಎಲ್ಲಾ ಅನುಭವಿಸಬೇಕು. ಇಡಿಆರ್‌ಗೆ ಮೊದಲು ನಿಯಮ ಬರೆದಿದ್ದೂ ಅವರೇ, 2006ರಲ್ಲಿ, ಅದೂ ಒಂಥರಾ ವಿಚಿತ್ರ ನಿಯಮ: ಹಾಕಲೇಬೇಕು ಅಂತ ಇಲ್ಲ, ಹಾಕಿದ್ರೆ ಇಷ್ಟಿಷ್ಟು ಡೇಟಾ ಹೀಗೇ ಇರಬೇಕು, ಓದೋ ಉಪಕರಣ ಮಾರ್ಕೆಟ್‌ನಲ್ಲಿ ಸಿಗಬೇಕು. ಅದು ಜಾರಿಗೆ ಬಂದಿದ್ದು 2012ರ ಸೆಪ್ಟೆಂಬರ್ 1ರಿಂದ ತಯಾರಾದ ಗಾಡಿಗಳಿಗೆ. ಉಪಕರಣದ ಮಾತು ಯಾಕೆ ಮುಖ್ಯ ಅಂದ್ರೆ, 2010ರಲ್ಲಿ ಟೊಯೋಟಾ ಕಾರುಗಳು ತಾವಾಗೇ ಓಡ್ತಾವೆ ಅಂತ ಅಮೆರಿಕದಲ್ಲಿ ಗಲಾಟೆ ಎದ್ದಾಗ ಆ ಡೇಟಾ ಓದೋಕೆ ಸರ್ಕಾರದ ತನಿಖೆಯವರಿಗೂ ಟೊಯೋಟಾದವರೇ ರೀಡರ್ ಕೊಡಬೇಕಾಯ್ತು.

ಹಿಂಗೆ ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಯುರೋಪು ಜಪಾನು, ನಡುವೆ ತಮ್ಮದೇ ನಿಯಮ ಬರೆದುಕೊಂಡ ಕೊರಿಯಾ, ಚೀನಾ. ಚೀನಾದಲ್ಲಿ 2022ರಿಂದ ಹೊಸ ಕಾರುಗಳಿಗೆ ಕಡ್ಡಾಯ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸೋಕೆ ಡಬ್ಲ್ಯೂಪಿ 29 ಕೆಳಗೆ ಒಂದು ತಂಡ ಮಾಡಿದ್ರು, ಜಪಾನ್, ನೆದರ್ಲೆಂಡ್ಸ್, ಅಮೆರಿಕ ಸೇರಿ ಅದರ ಮುಂದಾಳತ್ವ. 2021ರ ಮಾರ್ಚ್‌ನಲ್ಲಿ ಇಡಿಆರ್‌ಗೇ ಅಂತ ಬರೆದ ಯುಎನ್ ರೆಗ್ಯುಲೇಷನ್ 160 ಪಾಸಾಯ್ತು, ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಜಾರಿಗೆ ಬಂತು. ಅಮೆರಿಕದ ಥರದವರಿಗೆ ಅಂತ 1998ರ ಇನ್ನೊಂದು ಒಪ್ಪಂದ ಇದೆಯಲ್ಲ, ಅವರೂ ಬಳಸೋ ಹಾಗೆ ತಾಂತ್ರಿಕ ಅಂಶಗಳನ್ನ ಬೇರೆ ಮಾರ್ಗಸೂಚಿಯಾಗಿ ಬರೆದ್ರು. ಯಾವ ಡೇಟಾ, ಎಷ್ಟು ಸೆಕೆಂಡು, ಎಷ್ಟು ನಿಖರ, ಕ್ರ್ಯಾಶ್ ಟೆಸ್ಟ್ ಆದ ಮೇಲೂ ಡೇಟಾ ಉಳಿದಿರಬೇಕು, ಇದೆಲ್ಲ ಒಪ್ಪಂದಕ್ಕೆ ಬಂತು. ಆ ಡೇಟಾ ಯಾರದ್ದು, ಪೊಲೀಸರು ಕೇಳಬಹುದಾ, ಇನ್ಶೂರೆನ್ಸ್‌ನವರು ಕೇಳಬಹುದಾ ಅನ್ನೋದನ್ನ ಮಾತ್ರ ಮುಟ್ಟಲೇ ಇಲ್ಲ, ಪ್ರೈವೆಸಿ ವಿಷಯ ಆಯಾ ದೇಶದ ಕಾನೂನಿಗೆ ಬಿಟ್ಟಿದ್ದು ಅಂತ ಬರೆದು ಕೈ ತೊಳ್ಕೊಂಡ್ರು. ನನ್ನ ಕೇಳಿದ್ರೆ ಜಾಣತನಾನೇ, ಅದನ್ನ ಹಿಡಿದು ಕೂತಿದ್ರೆ ಇವತ್ತಿಗೂ ನಿಯಮ ಬರ್ತಿರಲಿಲ್ಲ. ಆದ್ರೆ ನೀವು ಕಾನೂನು ಓದೋರು, ನಾಳೆ ನಿಮ್ಮ ಕಕ್ಷಿದಾರರಿಗೆ ಬೇಕಾಗೋದು ಆ ಬಿಟ್ಟ ಭಾಗಾನೇ.

ಪ್ರಶ್ನೆ: ಯಂತ್ರ ಹೇಳಿದ್ದೆಲ್ಲ ನಿಜ ಅಂತ ನಂಬಬಹುದಾ? (ನಿವೃತ್ತ ಬಸ್ ಚಾಲಕರು, ತುಮಕೂರು)

ಉತ್ತರ: ಮನುಷ್ಯರಿಗಿಂತ ಜಾಸ್ತಿ ನಂಬಬಹುದು, ಕಣ್ಣು ಮುಚ್ಚಿ ಅಲ್ಲ. 2007ರಲ್ಲಿ ನ್ಯೂಜೆರ್ಸಿ ಗವರ್ನರ್ ಜಾನ್ ಕಾರ್ಜೈನ್ ಅವರ ಗಾಡಿ ಅಪಘಾತ ಆಗಿ ಸಾಯೋ ಸ್ಥಿತಿಗೆ ಹೋಗಿದ್ರು, ಆಮೇಲೆ ರೆಕಾರ್ಡರ್ ತೆಗೆದು ನೋಡಿದ್ರೆ ಗುದ್ದೋಕೆ ಮುಂಚೆ ಗಾಡಿ ಗಂಟೆಗೆ 91 ಮೈಲಿ ಹೋಗ್ತಿತ್ತು, ಅಂದ್ರೆ ಸುಮಾರು 146 ಕಿಲೋಮೀಟರ್, ಆ ರಸ್ತೆ ಮಿತಿ 65 ಮೈಲಿ. ಗವರ್ನರ್ ಸಾಹೇಬ್ರು ಬೆಲ್ಟೂ ಹಾಕಿರಲಿಲ್ಲ. ಇನ್ನು ಮೇಲೆ ಹೇಳಿದ ಟೊಯೋಟಾ ವಿಷಯದಲ್ಲಿ ತನಿಖೆಯವರು ನೋಡಿದ 58 ರೆಕಾರ್ಡರ್‌ಗಳಲ್ಲಿ 35ರಲ್ಲಿ ಬ್ರೇಕ್ ಒತ್ತಿದ ಗುರುತೇ ಇರಲಿಲ್ಲ.

ಆದ್ರೆ ಸ್ಪೀಡು ಬರೋದು ಸಾಮಾನ್ಯವಾಗಿ ಚಕ್ರ ತಿರುಗೋದ್ರಿಂದ, ಮಳೇಲಿ ಗಾಡಿ ಜಾರಿದ್ರೆ ಚಕ್ರ ಹೇಳೋದೊಂದು ಗಾಡಿ ಹೋಗೋದೊಂದು, ಇದನ್ನ ನಾನು ನಿಮಗೆ ಹೇಳಬೇಕಾ? ಇನ್ನೊಂದು, ಅಮೆರಿಕದ ಹಳೇ ನಿಯಮದಲ್ಲಿ ಸೆಕೆಂಡಿಗೆ ಎರಡೇ ಸಲ ಬರ್ಕೊಂಡ್ರೆ ಸಾಕಿತ್ತು. ನೂರರ ಸ್ಪೀಡಲ್ಲಿ ಅರ್ಧ ಸೆಕೆಂಡ್ ಅಂದ್ರೆ ಗಾಡಿ ಹತ್ತತ್ರ 14 ಮೀಟರ್ ಮುಂದೆ ಹೋಗಿರುತ್ತೆ, ಅಷ್ಟರಲ್ಲಿ ಬ್ರೇಕ್ ಒತ್ತಿ ಬಿಟ್ಟಿದ್ರೆ ಸಿಗದೇ ಹೋಗಬಹುದು. ಅದಕ್ಕೇ 2024ರ ಡಿಸೆಂಬರ್‌ನಲ್ಲಿ ಅಲ್ಲಿ ನಿಯಮ ಬದಲಾಯಿಸಿ 20 ಸೆಕೆಂಡು, ಸೆಕೆಂಡಿಗೆ 10 ಸಲ ಅಂತ ಮಾಡಿದ್ರು. ವಿಶ್ವಸಂಸ್ಥೆ ನಿಯಮದ 5 ಸೆಕೆಂಡಿಗೂ ಇದಕ್ಕೂ ಮತ್ತೆ ಅಂತರ ಬಿತ್ತು ನೋಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕಾರ್ ಆಕ್ಸಿಡೆಂಟ್ ಆಯ್ತು, ಇನ್ಶೂರೆನ್ಸ್‌ನವರು ಡೇಟಾ ತೆಗೀತೀವಿ ಅಂತಿದಾರೆ. ಕೊಡಬೇಕಾ? (ಓದುಗರು, ಫ್ರೀಮಾಂಟ್)

ಉತ್ತರ: 2015ರ ಡ್ರೈವರ್ ಪ್ರೈವೆಸಿ ಆ್ಯಕ್ಟ್ ಪ್ರಕಾರ ಆ ಡೇಟಾ ಗಾಡಿ ಮಾಲೀಕರದ್ದು, ಲೀಸ್ ಆದ್ರೆ ಲೀಸ್ ತಗೊಂಡವರದ್ದು. ಕೋರ್ಟ್ ಆದೇಶ, ನಿಮ್ಮ ಒಪ್ಪಿಗೆ, ಸರ್ಕಾರಿ ಸುರಕ್ಷತಾ ತನಿಖೆ, ತುರ್ತು ಚಿಕಿತ್ಸೆ ಇಂಥ ಕೆಲವು ಕಾರಣ ಬಿಟ್ರೆ ತೆಗೆಯೋ ಹಾಗಿಲ್ಲ. ಆದ್ರೆ ಒಂದು ಜಾಗ ಹುಷಾರು: ಗಾಡಿ ಟೋಟಲ್ ಲಾಸ್ ಅಂತ ಮಾಡಿ ದುಡ್ಡು ಕೊಟ್ಟು ಟೈಟಲ್ ಅವರ ಹೆಸರಿಗೆ ಮಾಡ್ಕೊಂಡ್ರೆ ಮಾಲೀಕರೇ ಅವರಾಗ್ತಾರೆ. ಪಾಲಿಸಿ ಪೇಪರಲ್ಲಿ ಸಹಕಾರ ಕೊಡಬೇಕು ಅನ್ನೋ ಷರತ್ತು ಇರಬಹುದು, ಸಹಿ ಹಾಕೋಕೆ ಮುಂಚೆ ಲಾಯರ್‌ಗೆ ತೋರಿಸಿ.

ಪ್ರಶ್ನೆ: ತಾನೇ ಓಡೋ ಕಾರ್ ಗುದ್ದಿದ್ರೆ ತಪ್ಪು ಯಾರದ್ದು ಅಂತ ಇದರಲ್ಲಿ ಗೊತ್ತಾಗುತ್ತಾ? (ಓದುಗರು, ಬೆಂಗಳೂರು)

ಉತ್ತರ: ಅದಕ್ಕೆ ಬೇರೆಯದೇ ಇದೆ, ಹೆಸರು ಡಿಎಸ್‌ಎಸ್‌ಎಡಿ. ಸಿಸ್ಟಮ್ ಯಾವಾಗ ಆನ್ ಆಯ್ತು, ಯಾವಾಗ ಆಫ್, ಯಾವಾಗ ಡ್ರೈವರ್‌ಗೆ ಸ್ಟಿಯರಿಂಗ್ ಹಿಡ್ಕೋ ಅಂತ ಹೇಳ್ತು, ಅಷ್ಟನ್ನ ಟೈಮ್ ಸಮೇತ ಬರೆದಿಡುತ್ತೆ. 2020ರಲ್ಲಿ ಪಾಸಾದ ವಿಶ್ವಸಂಸ್ಥೆಯ ರೆಗ್ಯುಲೇಷನ್ 157ರಲ್ಲೇ ಇದು ಬಂತು. ಆ ಹೊತ್ತಲ್ಲಿ ಗಾಡಿ ಯಾರ ಕೈಲಿತ್ತು ಅಂತ ಹೇಳುತ್ತೆ, ತಪ್ಪು ಯಾರದ್ದು ಅಂತ ಅಲ್ಲ.

ಪ್ರಶ್ನೆ: ನಮ್ಮ ದೇಶದ ಕಥೆ ಏನು? ಟ್ಯಾಕ್ಸಿಗಳಿಗೆ ಹಾಕಿಸಿದ ಡಬ್ಬಾ ಇದೇನಾ? (ಓದುಗರು, ದಾವಣಗೆರೆ)

ಉತ್ತರ: ಅಲ್ಲ. ಅದು ಎಐಎಸ್ 140 ಅನ್ನೋ ನಮ್ಮ ದೇಶದ ಮಾನದಂಡದ ಪ್ರಕಾರ ಬಸ್ಸು ಟ್ಯಾಕ್ಸಿ ಎಲ್ಲಿದೆ ಅಂತ ತೋರಿಸೋ ಟ್ರ್ಯಾಕರ್ರು ಜೊತೆಗೆ ಪ್ಯಾನಿಕ್ ಬಟನ್, ಇಡಿಆರ್ ಮಾಡದೇ ಇರೋ ಕೆಲಸಾನೇ ಅದು ಮಾಡೋದು. ಭಾರತ 1958ರ ಒಪ್ಪಂದದಲ್ಲಿ ಇಲ್ಲ, 2006ರಲ್ಲಿ ಸೇರಿದ್ದು 1998ರದ್ದಕ್ಕೆ, ಹಾಗಾಗಿ ಯುಎನ್ ರೆಗ್ಯುಲೇಷನ್ 160 ತಾನಾಗೇ ಇಲ್ಲಿ ಲಾಗೂ ಆಗಲ್ಲ, ಕಡ್ಡಾಯ ಆಗಬೇಕಂದ್ರೆ ನಮ್ಮ ಮೋಟಾರು ವಾಹನ ನಿಯಮದಲ್ಲಿ ಬರಬೇಕು. ಆದ್ರೂ ಒಂದು ಮಾತು, ಏರ್‌ಬ್ಯಾಗ್ ಬಿಚ್ಚಿದ ಮೇಲೆ ಗ್ಯಾರೇಜಲ್ಲಿ ಸಾಮಾನ್ಯವಾಗಿ ಆ ಕಂಟ್ರೋಲ್ ಯೂನಿಟ್ ಬದಲಾಯಿಸ್ತಾರೆ, ಹಳೇದು ಗುಜರಿಗೆ ಹೋಗುತ್ತೆ. ಕೇಸೋ ಕ್ಲೇಮೋ ನಡೀತಿದ್ರೆ ಹಳೇ ಯೂನಿಟ್ ಎಸೀಬೇಡಿ ಅಂತ ಗ್ಯಾರೇಜಿನವರಿಗೆ ಮೊದಲೇ ಬರೆದು ಕೊಟ್ಟಿರಿ.