ಚಿಕಾಗೋ ಪ್ರವಾಸ ಬರೆದು ಕಳಿಸಿದ ವಿದ್ಯಾರ್ಥಿಗೆ

ಪ್ರಿಯ ಮಿತ್ರರೇ,

ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಚಿಕಾಗೋಗೆ ಹೋಗಿಬಂದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಹಾಗೆಂದು ‘ವಿಷಾದಪೂರ್ವಕ ಹಿಂತಿರುಗಿಸಿದೆ’ ಅಂತ ಚೀಟಿ ಅಂಟಿಸಿ ಕೈತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಐದನೇ ಪುಟ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಬೈಗುಳ. ನೀವು ಹೋದದ್ದು ನವೆಂಬರ್ ಕೊನೆಯಲ್ಲಿ. ಆದರೂ ‘ಹಬ್ಬಕ್ಕೆಂದು ಪಚ್ಚೆ ಬಣ್ಣ ಬೆರೆಸಿದ ಚಿಕಾಗೋ ನದಿ ಕಣ್ಮನ ಸೂರೆಗೊಂಡಿತು’ ಎಂದು ಬರೆದಿದ್ದೀರಿ. ಆ ನದಿಗೆ ಬಣ್ಣ ಹಾಕುವುದು ಮಾರ್ಚ್‌ನಲ್ಲಿ, ಸೇಂಟ್ ಪ್ಯಾಟ್ರಿಕ್ ಹಬ್ಬದ ಹೊತ್ತಿಗೆ. 1962ರಿಂದ ಬಂದ ರೂಢಿ. ಸಾಲನ್ನು ಎಲ್ಲಿಂದ ಎತ್ತಿದಿರಿ ಅಂತ ಕೇಳುವುದಿಲ್ಲ. ವಿಲ್ಲಿಸ್ ಟವರ್ ಕೂಡ ‘ಜಗತ್ತಿನ ಅತಿ ಎತ್ತರದ ಕಟ್ಟಡ’ ಅಲ್ಲ. ಕ್ವಾಲಾಲಂಪುರದ ಪೆಟ್ರೋನಾಸ್ ಗೋಪುರಗಳು 1998ರಲ್ಲೇ ಆ ಪಟ್ಟ ಕಿತ್ತುಕೊಂಡವು. ಇಂಥವನ್ನು ತಿದ್ದುವುದು ನಮ್ಮ ಕೆಲಸ, ಬೇಸರವಿಲ್ಲ. ಆದರೆ 103ನೇ ಮಹಡಿಯ ಗಾಜಿನ ಮೇಲೆ ನಿಲ್ಲುವ ರೋಮಾಂಚನವನ್ನು ಅರ್ಧ ಪುಟ ಬಣ್ಣಿಸಿ, ಕೊನೆಗೆ ‘ಸಮಯದ ಅಭಾವದಿಂದ ಮೇಲೆ ಹೋಗಲಾಗಲಿಲ್ಲ’ ಎಂದರೆ ಹೇಗೆ ಸ್ವಾಮಿ? ಅಭಾವ ಸಮಯದ್ದೋ, ದುಡ್ಡಿನದ್ದೋ?

ದುಡ್ಡಿನದ್ದೇ ಇರಬೇಕು ಅನ್ನಿಸಿದ್ದು ವಿವೇಕಾನಂದರ ಪ್ಯಾರಾ ಓದುವಾಗ. 1893ರ ಸೆಪ್ಟೆಂಬರ್ 11, ‘ಸಹೋದರ ಸಹೋದರಿಯರೇ’, ಚಪ್ಪಾಳೆ: ಇದು ಶಾಲೆಯ ಭಾಷಣ ಸ್ಪರ್ಧೆಯಿಂದಲೇ ನಮಗೆಲ್ಲ ಬಾಯಿಪಾಠ. ಅದರ ಬಾಲದಲ್ಲಿ ನೀವು ನಾಚಿಕೊಂಡು ಒಂದು ಸಾಲು ಸೇರಿಸಿದ್ದೀರಿ. ಅವರು ಮಾತಾಡಿದ ಕಟ್ಟಡ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂ. ನೀವು ಬಾಗಿಲವರೆಗೆ ಹೋಗಿ, ಟಿಕೆಟ್ ದರವನ್ನು ರೂಪಾಯಿಗೆ ಗುಣಿಸಿ ನೋಡಿ, ಕಂಚಿನ ಸಿಂಹದ ಪಕ್ಕ ಫೋಟೋ ತೆಗೆಸಿಕೊಂಡು ವಾಪಸಾದಿರಿ. ಚಪ್ಪಾಳೆಯನ್ನು ಹೊಡೆದುಹಾಕಿ, ಈ ಗುಣಾಕಾರವನ್ನು ಬೆಳೆಸಿ. ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ವಿದ್ಯಾರ್ಥಿ ವೀಸಾ ಬಿಡುವುದಿಲ್ಲ. ಕ್ಯಾಂಪಸ್ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ಗಳಿಸಿದ ಆ ದುಡ್ಡನ್ನು ಎಲ್ಲಿ ಬಿಚ್ಚಿದಿರಿ, ಎಲ್ಲಿ ಪರ್ಸ್ ಮುಟ್ಟಿ ನೋಡಿ ಸುಮ್ಮನಾದಿರಿ? ಅದನ್ನೇ ಹಿಡಿದು ನಮಗೆ ಊರು ತೋರಿಸಿ.

ಇನ್ನು ಐದನೇ ಪುಟ. ರಾತ್ರಿ, ಚಿಕಾಗೋದ ನಗರ ರೈಲು ‘ಎಲ್’ನ ಎತ್ತರದ ಪ್ಲಾಟ್‌ಫಾರ್ಮು. ‘ಗುಂಡಿ ಒತ್ತಿದರೆ ತಲೆಯ ಮೇಲಿನ ಹೀಟರ್ ಕೆಂಪಾಗುತ್ತದೆ. ಎಲ್ಲರೂ ಅದರ ಕೆಳಗೆ ಸರಿಯುತ್ತಾರೆ, ಪಾರಿವಾಳಗಳೂ.’ ಇದನ್ನು ಓದಿ ಪೆನ್ನು ಕೆಳಗಿಟ್ಟೆ. ಮರುಸಾಲಿನಲ್ಲೇ ‘ಮಾಯಾನಗರಿ ಕೈಬೀಸಿ ಕರೆಯಿತು’ ಅಂತ ಬರೆದು ಅದನ್ನು ನೀವೇ ಕೆಡಿಸಿದ್ದೀರಿ. ಆ ಹೀಟರ್ ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದಲ್ಲ, ಆಗ ಗ್ಲೌಸಿನ ಕೈಯನ್ನು ಜೇಬಿನಿಂದ ತೆಗೆದು ಮತ್ತೆ ಗುಂಡಿ ಒತ್ತಿದವರು ಯಾರು? ಪಕ್ಕದಲ್ಲಿದ್ದವರು ಕೆಲಸ ಮುಗಿಸಿ ಬಂದವರೋ, ಹೊರಟವರೋ? ನಿಮ್ಮ ಮೈಮೇಲಿದ್ದ ಜಾಕೆಟ್ ಬೆಂಗಳೂರಿನದ್ದೋ ಅಲ್ಲಿ ಕೊಂಡದ್ದೋ? ರೈಲು ಬರುವವರೆಗೂ ನನ್ನನ್ನು ಅಲ್ಲೇ ನಿಲ್ಲಿಸಿ.

ನಮ್ಮವರ ಅಂಗಡಿ-ಹೋಟೆಲುಗಳ ಬೀದಿ ಡೆವಾನ್ ಅವೆನ್ಯೂ ಭಾಗವೂ ಅವಸರದ್ದು. ‘ಎಲ್’ನ ರೆಡ್ ಲೈನ್‌ನಲ್ಲಿ ಲೊಯೊಲಾ ಸ್ಟೇಷನ್ನಿಗೆ ಹೋಗಿ, 155ನೇ ನಂಬರ್ ಬಸ್ಸು ಹತ್ತಿದ್ದು ಸರಿಯಾಗಿದೆ. ಆಮೇಲೆ ದೋಸೆ ತಿಂದಿರಿ, ‘ಊರು ನೆನಪಾಗಿ ಕಣ್ಣು ಹನಿಗೂಡಿತು’. ಹನಿಗೂಡಲಿ, ಬೇಡವೆನ್ನಲಾರೆ. ದೋಸೆ ಹೇಗಿತ್ತು? ಚಟ್ನಿ ಕೊಟ್ಟರೇ? ಆ ರಸ್ತೆಯ ಒಂದು ಭಾಗಕ್ಕೆ ಗಾಂಧಿ ಹೆಸರಿನ ಬೋರ್ಡು, ಇನ್ನೊಂದಕ್ಕೆ ಜಿನ್ನಾ ಹೆಸರಿನದ್ದು ಇದೆ. ನಡೆದುಹೋದ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?

ಒಂದು ಮಾತು ಲೇಖನದಲ್ಲಿಲ್ಲ, ಅದರ ಜೊತೆಗಿದ್ದ ಪತ್ರದಲ್ಲಿದೆ: ಬುಧವಾರವೇ ಹಾಸ್ಟೆಲಿನ ಮೆಸ್ ಮುಚ್ಚಿತು, ರೂಮ್‌ಮೇಟ್ ತನ್ನ ಮನೆಗೆ ಹೋದ, ಒಬ್ಬರೇ ಇರಲಾಗದೆ ಬಸ್ಸು ಹತ್ತಿದೆ ಅಂತ. ಇಷ್ಟು ಒಳ್ಳೆಯ ಕಾರಣವನ್ನು ನನಗೊಬ್ಬನಿಗೇ ಹೇಳಿ, ಓದುಗರಿಗೆ ‘ಬಾಲ್ಯದ ಕನಸು ನನಸಾಯಿತು’ ಅಂತ ಕೊಟ್ಟಿದ್ದೀರಿ. ಪತ್ರವನ್ನೇ ಮೊದಲ ಪ್ಯಾರಾ ಮಾಡಿ.

ತಿದ್ದಿ ಕಳಿಸಿ. ಈಗಿನದಕ್ಕಿಂತ ಅರ್ಧಕ್ಕಿಳಿದರೂ ಚಿಂತೆಯಿಲ್ಲ. ಮಿಲೆನಿಯಂ ಪಾರ್ಕಿನ ‘ಬೀನ್’ ಎಂಬ ಹೊಳೆಯುವ ಶಿಲ್ಪದ ಮುಂದೆ ನಿಂತ ಫೋಟೋ ಬೇಡ, ಅದು ಎಲ್ಲರ ಫೋನಿನಲ್ಲೂ ಇದೆ, ಡೆವಾನ್‌ನದ್ದಿದ್ದರೆ ಕಳಿಸಿ. ಸಂಕ್ರಾಂತಿಯೊಳಗೆ ಕೈಸೇರಿದರೆ ಫೆಬ್ರವರಿ ಸಂಚಿಕೆಗೆ ನೋಡೋಣ. ಗೌರವಧನವನ್ನು ಮಾತ್ರ ದಯವಿಟ್ಟು ಡಾಲರಿಗೆ ಭಾಗಿಸಿ ನೋಡಬೇಡಿ.

ಇತಿ,
ಸಂಪಾದಕ